ಮೊದಲ ರೀಡಿಂಗ್

ಗಂಗಾಂಬಿಕಾ ಅವನನ್ನು ಕಂಪ್ಯೂಟರ್ ರಿಪೇರಿಯವನೆಂದು ತಿಳಿದಳು.

ತಪ್ಪು ಅವಳೊಬ್ಬಳದೇ ಅಲ್ಲ. 2008ರ ಆಗಸ್ಟಿನ ಆ ಮಂಗಳವಾರ ಹನ್ನೊಂದು ಗಂಟೆಗೆ ಮೆಕ್ಯಾನಿಕ್ ಬರುತ್ತಾನೆಂದು ಕಾಲೇಜಿನ ಆಫೀಸಿನಿಂದ ಹೇಳಿಕಳಿಸಿದ್ದರು. ಹನ್ನೊಂದಕ್ಕೆ ಸರಿಯಾಗಿ ಲ್ಯಾಬಿನ ಬಾಗಿಲಲ್ಲಿ ಒಬ್ಬ ನಿಂತಿದ್ದ. ಹೆಗಲಿಗೆ ಬ್ಯಾಗು, ಕಾಲರಿನ ಮೇಲೆ ಸಂಡೂರು ರಸ್ತೆಯ ಕೆಂಪು ದೂಳು.

"ಬರ್ರಿ. ಏಳನೇ ನಂಬರಿಂದ ಶುರು ಮಾಡ್ರಿ," ಎಂದು ಹೇಳಿ ಅವಳು ಬೋರ್ಡಿನ ಕಡೆ ತಿರುಗಿದಳು.

ಅವನು ಏನೋ ಹೇಳಲು ಬಾಯಿ ತೆರೆದ. ಹದಿನಾಲ್ಕು ವಿದ್ಯಾರ್ಥಿಗಳು ತನ್ನನ್ನೇ ನೋಡುತ್ತಿರುವುದನ್ನು ಕಂಡು ಮುಚ್ಚಿದ. ಜೇಬಿನಿಂದ ಕರವಸ್ತ್ರ ತೆಗೆದು ಮೊದಲು ತನ್ನ ಬೆರಳುಗಳನ್ನು ಒರೆಸಿಕೊಂಡ, ಆಮೇಲೆ ಕೀಬೋರ್ಡನ್ನು ಒರೆಸಿದ. ಅವಳು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಯಂತ್ರ ಮುಟ್ಟುವ ಮೊದಲು ಕೈ ಒರೆಸಿಕೊಳ್ಳುವ ಮೆಕ್ಯಾನಿಕ್ಕನ್ನು ಅವಳು ಈವರೆಗೆ ಕಂಡಿರಲಿಲ್ಲ.

ಬ್ಯಾಗಿನಿಂದ ಒಂದು ಸಿ.ಡಿ. ಹೊರಬಂತು. ಎರಡು ತಿಂಗಳಿಂದ ವೈರಸ್ ಹಿಡಿದು ಮಲಗಿದ್ದ ಏಳನೇ ನಂಬರು ಮುಕ್ಕಾಲು ಗಂಟೆಯಲ್ಲಿ ಎದ್ದು ಕೂತಿತು. ಪರದೆಯ ಮೇಲೆ ಅವಳಿಗೆ ಪರಿಚಯವಿಲ್ಲದ ಕಂದು ಬಣ್ಣವಿತ್ತು.

ಅಷ್ಟರಲ್ಲಿ ವಿಭಾಗದ ಮುಖ್ಯಸ್ಥ ವಿರುಪಾಕ್ಷಪ್ಪ ಒಳಗೆ ಬಂದರು. "ಲೇ ತಿಪ್ಪ, ಇಲ್ಲಿ ಕುಂತೀಯೇನು? ನಾನು ಸ್ಟಾಫ್ ರೂಮಿನಾಗ ನಿನ್ನ ಹಾದಿ ಕಾಯಾಕತ್ತೀನಿ."

ಅವನ ಹೆಸರು ತಿಪ್ಪೇಶ್. ಒಂಬತ್ತು ವರ್ಷಗಳ ಹಿಂದೆ ಅದೇ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದವನು, ಈಗ ಊರ ಹೊರಗಿನ ಒಂದು ಅದಿರು ಪರೀಕ್ಷಾ ಲ್ಯಾಬಿನಲ್ಲಿ ಕೆಮಿಸ್ಟ್. ರಜೆಯಿತ್ತೆಂದು ಗುರುಗಳನ್ನು ಮಾತಾಡಿಸಲು ಬಂದಿದ್ದ. ಕ್ಲಾಸು ಮುಗಿದ ಮೇಲೆ ಗಂಗಾಂಬಿಕಾ ವರಾಂಡದಲ್ಲಿ ಅವನನ್ನು ತಡೆದಳು. ಅವಳ ಕಿವಿಯ ತುದಿ ಇನ್ನೂ ಬಿಸಿಯಾಗಿತ್ತು.

"ಮೆಕ್ಯಾನಿಕ್ ಅಲ್ಲ ಅಂತ ಹೇಳ್ಬೇಕಿತ್ತಲ್ರೀ."

"ನೀವು ಯಾರು ಅಂತ ಕೇಳ್ಲಿಲ್ಲ ಮೇಡಂ. ಸೀದಾ ಕೆಲಸಕ್ಕ ಹಚ್ಚಿದ್ರಿ." ಅವನ ಮುಖದಲ್ಲಿ ನಗು ಇರಲಿಲ್ಲ, ಕಣ್ಣಲ್ಲಿ ಇತ್ತು. "ಎಂಟನೇ ನಂಬರಿಗೆ ಯಾವಾಗ ಬರ್ಲಿ?"

ಮೆಕ್ಯಾನಿಕ್ ಆ ದಿನ ಬರಲೇ ಇಲ್ಲ.

*

ಆ ವರ್ಷ ಗಂಗಾಂಬಿಕಾಗೆ ಬೇಕಿದ್ದದ್ದು ಒಂದೇ: ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಉಳಿಯಬೇಕು.

ವಿರುಪಾಕ್ಷಪ್ಪ ಮಾರ್ಚ್ ಕೊನೆಗೆ ನಿವೃತ್ತರಾಗುವವರಿದ್ದರು. ಇಪ್ಪತ್ತೊಂಬತ್ತು ವರ್ಷ ಸೀಮೆಸುಣ್ಣ ಹಿಡಿದು ಆ ವಿಷಯವನ್ನು ಒಬ್ಬರೇ ಕಲಿಸಿದ್ದರು. ಹೊಸ ಸಿಲಬಸ್ ಪ್ರಕಾರ ಇನ್ನು ಕಂಪ್ಯೂಟರ್ ಪ್ರಾಕ್ಟಿಕಲ್ ಕಡ್ಡಾಯ. ಫೆಬ್ರುವರಿಯಲ್ಲಿ ವಿಶ್ವವಿದ್ಯಾಲಯದ ಸಮಿತಿ ಬಂದು ಪ್ರಾಕ್ಟಿಕಲ್ ನೋಡುತ್ತದೆ. ತೃಪ್ತಿಯಾಗದಿದ್ದರೆ ಜೂನ್‌ನಿಂದ ಆ ವಿಷಯಕ್ಕೆ ಪ್ರವೇಶವಿಲ್ಲ. ಅತಿಥಿ ಉಪನ್ಯಾಸಕಿಯಾದ ಅವಳ ಕೆಲಸವೂ ಅದರ ಜೊತೆಗೇ ಹೋಗುತ್ತದೆ.

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಅವಳ ತಂದೆ ಕೊಟ್ರಬಸಪ್ಪ ಕೆಟ್ಟ ಮನುಷ್ಯರಲ್ಲ. ಅವರ ಮಾತು ನೇರವಾಗಿತ್ತು. ಕೆಲಸ ಇದ್ದರೆ ಹೊಸಪೇಟೆಯಲ್ಲಿ ಇರು, ಹೋದರೆ ಊರಿಗೆ ಬಾ, ಗಂಗಾವತಿಯ ಸಂಬಂಧ ನೋಡೋಣ. ಗಂಗಾವತಿಯ ಹುಡುಗನ ಫೋಟೋ ಆಗಲೇ ಬಂದಿತ್ತು. ಅವಳು ನೋಡಿ, ಮರಳಿ ಕವರಿನಲ್ಲಿಟ್ಟಿದ್ದಳು.

ಪ್ರಾಕ್ಟಿಕಲ್‌ಗೆ ಬೇಕಾದ ತಂತ್ರಾಂಶದ ಬೆಲೆ ಓದಿ ಪ್ರಾಂಶುಪಾಲರು ಅವಳ ಪತ್ರವನ್ನು ನಾಲ್ಕು ಮಡಿಕೆ ಮಾಡಿ, ಅಷ್ಟು ದುಡ್ಡಿಲ್ಲವೆಂದು ಅವಳಿಗೇ ಮರಳಿಸಿದ್ದರು. ಈ ಕಥೆಯನ್ನು ಅವಳು ಎಂಟನೇ ನಂಬರು ರಿಪೇರಿಯಾಗುವಾಗ ತಿಪ್ಪೇಶನಿಗೆ ಹೇಳಿದಳು. ಹೇಳಬೇಕೆಂದು ಹೇಳಿದ್ದಲ್ಲ. ಅವನು ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಕಾಗದದ ಮೇಲೆ ಇಡುತ್ತಿದ್ದ. ಹಾಗೆ ಕೆಲಸ ಮಾಡುವವನ ಎದುರು ಮಾತು ತಾನಾಗಿ ಬಂತು.

ಅವನು ಆರ್ ಎಂಬ ತಂತ್ರಾಂಶದ ಬಗ್ಗೆ ಹೇಳಿದ. ಲೋಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸಂಖ್ಯಾಶಾಸ್ತ್ರದವರು ಬಳಸುವುದು ಅದನ್ನೇ ಎಂದು ಅವನು ಓದಿದ್ದ. ಓಪನ್ ಸೋರ್ಸ್: ಒಳಗಿನ ಬರಹವೆಲ್ಲ ತೆರೆದಿಟ್ಟಿದ್ದು, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಏಳನೇ ನಂಬರನ್ನು ಎಬ್ಬಿಸಿದ ಆ ಸಿ.ಡಿ.ಯಲ್ಲಿದ್ದ, ಕಂದು ಪರದೆಯ ಆಪರೇಟಿಂಗ್ ಸಿಸ್ಟಂ ಕೂಡ ಹಾಗೆಯೇ ಬಂದದ್ದು. ಇಂಟರ್ನೆಟ್ ಕೆಫೆಯಲ್ಲಿ ಕೂತು ವಿಳಾಸ ತುಂಬಿದ್ದನಂತೆ, ಐದು ವಾರಕ್ಕೆ ಅಂಚೆಯವನು ಮನೆಗೆ ತಂದುಕೊಟ್ಟನಂತೆ.

"ಪುಗಸಟ್ಟೆ ಯಾರು ಕೊಡ್ತಾರ್ರೀ?"

ಅವನು ಆಗಲೇ ಆರ್ ಹಾಕಿಟ್ಟಿದ್ದ ಏಳನೇ ನಂಬರಿನ ಕೀಬೋರ್ಡನ್ನು ಅವಳ ಕಡೆ ಸರಿಸಿ ಒಂದು ಪದ ಟೈಪ್ ಮಾಡಲು ಹೇಳಿದ. contributors, ಮುಂದೆ ಎರಡು ಕಂಸ. ಅವಳು ಎಂಟರ್ ಒತ್ತಿದಳು. ಪರದೆ ತುಂಬ ಹೆಸರುಗಳು ಬಂದವು. ಯಾವ ದೇಶದವರೋ, ಹೇಗೆ ಉಚ್ಚರಿಸಬೇಕೋ ತಿಳಿಯದ ಹೆಸರುಗಳು. ಅವಳು ಕೊನೆಯವರೆಗೂ ಓದಿದಳು. ಇವರಲ್ಲಿ ಒಬ್ಬರಿಗೂ ಹೊಸಪೇಟೆ ಎಲ್ಲಿದೆ ಎಂದು ಗೊತ್ತಿರಲಾರದು. ಆದರೂ ಅವರು ತಮ್ಮ ಸಂಜೆಗಳನ್ನು ಕೊಟ್ಟಿದ್ದಾರೆ, ಅದು ಇಲ್ಲಿಯವರೆಗೆ ಬಂದು ಮುಟ್ಟಿದೆ.

ತಿಪ್ಪೇಶ್ ಪರದೆ ನೋಡುತ್ತಿರಲಿಲ್ಲ. ಹೆಸರುಗಳನ್ನು ಓದುವಾಗ ಅವಳ ತುಟಿ ಸದ್ದಿಲ್ಲದೆ ಅಲ್ಲಾಡುವುದನ್ನು ನೋಡುತ್ತಿದ್ದ.

*

ಪುಸ್ತಕದ ಲೆಕ್ಕವನ್ನೇ ಕಂಪ್ಯೂಟರಿಗೆ ಹಾಕುವುದು ಅವಳಿಗೆ ಬೇಕಿರಲಿಲ್ಲ. ಹುಡುಗರು ಕೈಯಾಡಿಸಬೇಕು. ಪರದೆಯ ಕೆಳಗೆ ಒಂದು ಜಾರುಗುಂಡಿ; ಅದನ್ನು ಬಲಕ್ಕೆ ಎಳೆದರೆ ಮಾದರಿಯ ಸಂಖ್ಯೆ ಐದರಿಂದ ಐವತ್ತಕ್ಕೆ ಏರಬೇಕು, ಮೇಲಿನ ಚಿತ್ರದ ಕಂಬಗಳು ಕಣ್ಣೆದುರೇ ಕುಗ್ಗಿ ನಡುವಿಗೆ ಸೇರಬೇಕು. ಸೂತ್ರ ಆಮೇಲೆ. ಮೊದಲು "ಓಹೋ, ಹಿಂಗೇನು" ಅನ್ನುವುದು ಬರಬೇಕು.

ಅವಳು ಪಾಠ ಬರೆಯುತ್ತಿದ್ದಳು. ಅವನು ಅದನ್ನು ಪ್ರೋಗ್ರಾಂ ಮಾಡುತ್ತಿದ್ದ. ಒಂದು ಬ್ರಾಕೆಟ್ ತಪ್ಪಿದರೆ ಇಬ್ಬರೂ ಒಂದೇ ಪರದೆಗೆ ಬಾಗಿ ಹುಡುಕುತ್ತಿದ್ದರು. ಸಿಕ್ಕ ಮೇಲೂ ಒಂದೆರಡು ಕ್ಷಣ ಯಾರೂ ಹಿಂದೆ ಸರಿಯುತ್ತಿರಲಿಲ್ಲ.

ಕನ್ನಡದ್ದೇ ಒಂದು ಕಾಟವಾಯಿತು. ಹುಡುಗರಲ್ಲಿ ಹೆಚ್ಚಿನವರು ಹಳ್ಳಿಯ ಕನ್ನಡ ಶಾಲೆಯವರು, ಗುಂಡಿಗಳ ಮೇಲಿನ ಹೆಸರು ಕನ್ನಡದಲ್ಲಿರಲಿ ಎಂದು ಅವಳು ಹಟ ಹಿಡಿದಳು. ಆದರೆ ಆ ಕಿಟಕಿಯಲ್ಲಿ ಒತ್ತಕ್ಷರಗಳು ಕೆಳಗೆ ಹೋಗದೆ ಪಕ್ಕಕ್ಕೆ ಬಂದು ಕೂರುತ್ತಿದ್ದವು. 'ಮಧ್ಯಾಂಕ' ಓದಲಾಗದಂತೆ ಮುರಿದು ನಿಂತಿತ್ತು. ಹೋಗಲಿ, ಇಂಗ್ಲಿಷೇ ಇರಲಿ ಎಂದಳು. ಅವನು ಮುಂದಿನ ಶನಿವಾರ ಬಂದಾಗ ಪ್ರತಿಯೊಂದು ಪದವನ್ನೂ ಪುಟ್ಟ ಚಿತ್ರವಾಗಿ ಮಾಡಿ ತಂದಿದ್ದ. ಅಕ್ಷರ ಕಾಣುವುದು ಕಷ್ಟವಾದರೆ ಅಕ್ಷರದ ಚಿತ್ರ ಅಂಟಿಸಿದರಾಯಿತು. ಒಟ್ಟು ಎಂಬತ್ತಾರು ಚಿತ್ರಗಳು.

ಅವಳು ಥ್ಯಾಂಕ್ಸ್ ಎಂದಳು. ಅರ್ಧ ಗಂಟೆಯಲ್ಲಿ ಮತ್ತೆ ಮೂರು ಸಲ ಎಂದಳು.

"ಮೇಡಂ, ದಿನಕ್ಕ ಒಂದ ಥ್ಯಾಂಕ್ಸ್ ಸಾಕ್ರಿ. ಭಾಳ ಆದ್ರ ಹಾಳಾಗ್ತದ."

ಅಂದಿನಿಂದ ಅವಳು ಅದನ್ನು ಉಳಿಸಿಟ್ಟುಕೊಂಡು ಅವನು ಬೈಕ್ ಹತ್ತುವಾಗ ಹೇಳತೊಡಗಿದಳು. ಹೇಳುವವರೆಗೆ ಅವನು ಕಿಕ್ ಹೊಡೆಯುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಹೊರದೇಶದಲ್ಲಿ ಅದಿರಿನ ದರ ಕುಸಿಯಿತು. ಬೈಪಾಸಿನಲ್ಲಿ ಸಾಲುಗಟ್ಟುತ್ತಿದ್ದ ಲಾರಿಗಳು ತೆಳುವಾದವು. ಊರವರಿಗೆ ಚಿಂತೆ ಹತ್ತಿತು. ತಿಪ್ಪೇಶನ ಲ್ಯಾಬಿಗೆ ಬರುವ ಅದಿರು ಮಾದರಿಯ ಚೀಲಗಳೂ ಅರ್ಧಕ್ಕೆ ಇಳಿದವು, ಅವನಿಗೆ ವಾರದಲ್ಲಿ ಮೂರು ಮಧ್ಯಾಹ್ನ ಬಿಡುವಾಯಿತು. ಇದಕ್ಕೆ ಸಂತೋಷಪಡುವುದು ಸರಿಯಲ್ಲವೆಂದು ಗಂಗಾಂಬಿಕಾಗೆ ಗೊತ್ತಿತ್ತು. ಆದರೂ ಪಟ್ಟಳು.

ಚಿತ್ತವಾಡ್ಗಿಯಲ್ಲಿ ಅವಳು ಬಾಡಿಗೆಗಿದ್ದ ಮನೆಯ ಹೊಳೆಮ್ಮ ಮಾತ್ರ ಎಲ್ಲವನ್ನೂ ಹೊರಗೆ ಕೂತು ಲೆಕ್ಕ ಹಾಕುತ್ತಿದ್ದಳು. "ಆ ಕೆಂಪು ಅಂಗಿ ಹುಡುಗ ಸಿ.ಡಿ. ಕೊಟ್ಟು ಹೋದ್ನವ್ವಾ," ಎಂದು ಒಂದು ಸಂಜೆ ಹೇಳಿದಳು. "ಬಿಳೀ ಅಂಗಿನೇ ಇರ್ಬೇಕದು. ದೂಳು ಕುಡ್ದು ಕುಡ್ದು ಕೆಂಪಾಗೈತಿ. ನಿಮ್ಮನಿ ಗಿರಣ್ಯಾಗ ನಿಂತ್ರ ಹಿಟ್ಟು ಬಡ್ದು ಮತ್ತ ಬಿಳೀ ಆಗ್ತದ ಬಿಡು."

"ನಮ್ದು ಅಕ್ಕಿ ಗಿರಣಿ ಅಮ್ಮ. ತೌಡು ಬಡೀತದ," ಎಂದು ಗಂಗಾಂಬಿಕಾ ತಿದ್ದಿದಳು. ತಿದ್ದಿದ್ದು ಅಷ್ಟನ್ನೇ ಎಂಬುದು ಅವಳಿಗೆ ಆಮೇಲೆ ಹೊಳೆಯಿತು.

*

ಪಾಠಕ್ಕೆ ನಿಜವಾದ ಅಂಕಿ ಬೇಕಿತ್ತು. ತಂತ್ರಾಂಶದ ಜೊತೆಗೇ ಬರುವ ಯಾವುದೋ ದೇಶದ ಹೂವಿನ ಎಸಳಿನ ಅಳತೆ ಬೇಡ, ನಮ್ಮ ಹುಡುಗರಿಗೆ ಗೊತ್ತಿರುವುದು ಬೇಕು ಎಂದಳು. ಅದಿರು ಗೊತ್ತಿಲ್ಲದ ಹುಡುಗ ಆ ಕ್ಲಾಸಿನಲ್ಲಿ ಇರಲಿಲ್ಲ. ತಿಪ್ಪೇಶ್ ತನ್ನ ಲ್ಯಾಬಿನ ಮೇಲಧಿಕಾರಿ ಪಾಲಪ್ಪನವರನ್ನು ಕೇಳಿದ. ಲ್ಯಾಬಿನ ಹೆಸರು, ಗಣಿಗಳ ಹೆಸರು ಎಲ್ಲೂ ಬರಕೂಡದು ಎಂಬ ಕರಾರಿನ ಮೇಲೆ ಅವರು ಒಪ್ಪಿದರು. ಹಿಂದಿನ ವರ್ಷದ ರಿಜಿಸ್ಟರಿನಿಂದ ಒಂದು ಸಾವಿರದ ನೂರಾ ನಲವತ್ತು ಫಲಿತಾಂಶಗಳು ಕಂಪ್ಯೂಟರಿಗೆ ಏರಿದವು. ಪ್ರತಿಯೊಂದೂ ಒಂದು ರಾಶಿಯ ಕಬ್ಬಿಣದ ಶೇಕಡಾ ಪ್ರಮಾಣ.

ಒಂದು ಅಂಕಿ ಹೇಗೆ ಹುಟ್ಟುತ್ತದೆಂದು ನೋಡಲು ಅವಳು ನವೆಂಬರಿನ ಒಂದು ಮಧ್ಯಾಹ್ನ ಲ್ಯಾಬಿಗೆ ಹೋದಳು. ಕರಗಿಸಿದ ಅದಿರಿನ ಫ್ಲಾಸ್ಕನ್ನು ಅವನು ಕೊಳವೆಯ ಕೆಳಗೆ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದ. ಮೇಲಿನಿಂದ ಹನಿ, ಹನಿ; ಬಣ್ಣ ಬದಲಾಗಲು ಎಷ್ಟು ಬೇಕಾಯಿತೋ ಅದರಿಂದ ಕಬ್ಬಿಣದ ಲೆಕ್ಕ. ದ್ರಾವಣ ಹಸಿರಿತ್ತು, ಹಸಿರೇ ಇತ್ತು.

"ಯಾವಾಗ ಬದ್ಲಾಗ್ತದ?"

"ಅದು ಹೇಳಿ ಬರಂಗಿಲ್ಲ ಮೇಡಂ. ನೋಡ್ತಾ ಇರ್ಬೇಕು. ಒಂದ ಹನಿ ಹೆಚ್ಚಾದ್ರ ಲೆಕ್ಕ ತಪ್ತದ."

ಅವಳು ಬಾಗಿ ನೋಡಿದಳು. ಒಂದು ಹನಿ ಬಿತ್ತು. ಫ್ಲಾಸ್ಕು ಪೂರ್ತಿ ನೇರಳೆಯಾಯಿತು. ಅವಳು ತಲೆಯೆತ್ತಿದಾಗ ಅವನ ಕಣ್ಣು ಫ್ಲಾಸ್ಕಿನ ಮೇಲೆ ಇರಲಿಲ್ಲ. ಕೊಳವೆಯ ನಲ್ಲಿ ಮಾತ್ರ ಸರಿಯಾದ ಕ್ಷಣಕ್ಕೆ ಮುಚ್ಚಿತ್ತು.

"ನೋಡ್ತಾ ಇರ್ಬೇಕು ಅಂದ್ರಿ," ಎಂದಳು.

"ನೋಡ್ತಿದ್ನಲ್ರೀ," ಎಂದ.

*

ಸಮಿತಿ ಫೆಬ್ರುವರಿ ಮೂರನೇ ವಾರದ ಬುಧವಾರ ಬರುವುದೆಂದು ಪತ್ರ ಬಂತು. ಅದಕ್ಕೆ ಆರು ದಿನ ಮುಂಚೆ, ಗುರುವಾರ, ಅವಳು ಹುಡುಗರಿಗೆ ಪಾಠವನ್ನು ಒಮ್ಮೆ ತೋರಿಸಿದಳು. ಎಷ್ಟು ಶೇಕಡಾ ಕಬ್ಬಿಣದ ರಾಶಿಗಳು ಎಷ್ಟಿವೆ ಎಂದು ತೋರಿಸುವ ಕಂಬಗಳು ಇನ್ನೊಂದು ಜಾರುಗುಂಡಿ ಎಳೆದಂತೆ ಅಗಲವೂ ಆಗುತ್ತಿದ್ದವು, ಸಣ್ಣವೂ ಆಗುತ್ತಿದ್ದವು. ತಾಯಕ್ಕ ಎಂಬ ಹುಡುಗಿ ಕಂಬಗಳನ್ನು ಆದಷ್ಟು ಸಣ್ಣದು ಮಾಡಿ ಮುಖ ಹತ್ತಿರ ತಂದಳು. ಅವಳ ತಂದೆ ಅದಿರು ಲಾರಿಯ ಡ್ರೈವರು.

"ಮೇಡಂ, ಇಲ್ಲಿ ಹಲ್ಲು ಬಿದ್ದೈತಿ ನೋಡ್ರಿ."

ನಿಜ. ಬೆಟ್ಟದಂತೆ ಏರಿ ಇಳಿಯಬೇಕಾದ ಚಿತ್ರದಲ್ಲಿ ಅರವತ್ಮೂರೂವರೆಯ ಗೆರೆಯ ಎಡಕ್ಕೆ, ಅರವತ್ಮೂರರಿಂದ ಆ ಗೆರೆಯವರೆಗೆ, ಕಂಬಗಳೇ ಇರಲಿಲ್ಲ. ಬಲಕ್ಕೆ, ಗೆರೆ ದಾಟಿದ ಕೂಡಲೇ, ಒಂದು ಕಂಬ ಉಳಿದೆಲ್ಲದಕ್ಕಿಂತ ಎತ್ತರಕ್ಕೆ ನಿಂತಿತ್ತು.

"ಅರವತ್ಮೂರೂವರಿ ದಾಟಿದ್ರ ಪೂರಾ ರೇಟು, ದಾಟ್ಲಿಲ್ಲ ಅಂದ್ರ ಕಟ್ ಮಾಡ್ತಾರ್ರಿ," ಎಂದು ತಾಯಕ್ಕ ಇತರರಿಗೆ ವಿವರಿಸಿದಳು. ಕ್ಲಾಸಿನಲ್ಲಿ ಗುಸುಗುಸು ಎದ್ದಿತು. ಗಂಗಾಂಬಿಕಾ ಯಂತ್ರಗಳನ್ನು ಆಫ್ ಮಾಡಿಸಿದಳು.

ಸಂಜೆ ತಿಪ್ಪೇಶ್ ಬಂದಾಗ ಅವಳು ಚಿತ್ರ ತೋರಿಸಿದಳು. ಅವನು ಬಹಳ ಹೊತ್ತು ನೋಡಿದ. ಅವನ ಮುಖದ ರಕ್ತ ಇಳಿಯುವುದು ಅವಳಿಗೆ ಕಂಡಿತು.

"ನಾನು ಒಂದ ಅಂಕಿನೂ ಸುಳ್ಳು ಬರ್ದಿಲ್ಲ," ಎಂದ.

ಆಮೇಲೆ ನಿಧಾನವಾಗಿ, ತನಗೇ ವಿವರಿಸಿಕೊಳ್ಳುವವನಂತೆ ಹೇಳಿದ. ಕೆಲಸ ಕಲಿಸಿದವರು ಮೊದಲ ದಿನವೇ ಹೇಳಿದ್ದರು: ಅನುಮಾನ ಬಂದರೆ ಮತ್ತೆ ಮಾಡು. ಏಳು ವರ್ಷ ಅದನ್ನೇ ಮಾಡಿದ್ದಾನೆ. ಅರವತ್ಮೂರು ಪಾಯಿಂಟ್ ಮೂರು ಬಂದರೆ, ಕೈ ತಪ್ಪಿರಬಹುದು ಎಂದು ಮತ್ತೊಮ್ಮೆ. ದಾಟಿದರೆ ಅದು ರಿಜಿಸ್ಟರಿಗೆ, ದಾಟದಿದ್ದರೆ ಇನ್ನೊಮ್ಮೆ. ಅರವತ್ತೆರಡು ಬಂದರೆ ಅನುಮಾನವಿಲ್ಲ, ಅದು ಹೇಗಿದ್ದರೂ ದಾಟುವುದಿಲ್ಲ. ಅರವತ್ಮೂರು ಪಾಯಿಂಟ್ ಆರು ಬಂದಾಗ ಕೈ ತಪ್ಪಿರಬಹುದೆಂದು ಒಮ್ಮೆಯೂ ಅನಿಸಿರಲಿಲ್ಲ.

"ಅನುಮಾನ ಒಂದ ಕಡೆ ಬರ್ತಿತ್ತು ಮೇಡಂ. ನಾನು ಭಾಳ ಜಾಗ್ರತಿ ಮನುಷ್ಯ ಅಂತ ತಿಳ್ಕೊಂಡಿದ್ದೆ."

ಅವಳಿಗೆ ಅವನನ್ನು ಅಲ್ಲಿಂದ ಎಬ್ಬಿಸಿಕೊಂಡು ಹೋಗಬೇಕೆನಿಸಿತು. ಸಮಿತಿ ನೋಡಿದರೆ ಪಾಠ ಹೋಗುತ್ತದೆ, ಅವನ ಮರ್ಯಾದೆಯೂ ಹೋಗುತ್ತದೆ. ಅವಳು ಪ್ರೋಗ್ರಾಮಿನ ಒಂದು ಸಾಲು ತಿದ್ದಿದಳು. ಕಂಬಗಳು ಅಗಲವಾದವು. ಖಾಲಿ ಜಾಗ ಕಂಬದ ಹೊಟ್ಟೆಯೊಳಗೆ ಸೇರಿ ಕಾಣದಾಯಿತು. ಬೆಟ್ಟ ನುಣ್ಣಗಾಯಿತು.

"ಹಿಂಗ ಇಟ್ರ ಯಾರಿಗೂ ತಿಳಿಯಂಗಿಲ್ಲ," ಎಂದಳು.

ಅವನು ಅವಳ ಕಡೆ ತಿರುಗಿದ. ಸಿಟ್ಟಿರಲಿಲ್ಲ. ಆ ನೋಟ ಸಿಟ್ಟಿಗಿಂತ ಕಷ್ಟದ್ದಾಗಿತ್ತು.

"ಹುಡುಗ್ರಿಗೆ ನೀವು ಕಲಿಸೋದು ಇದನ್ನೇನು?"

ಅಂದು ಅವಳು ಉಳಿಸಿಟ್ಟಿದ್ದ ಥ್ಯಾಂಕ್ಸ್ ಹಾಗೆಯೇ ಉಳಿಯಿತು. ಬೈಕಿನ ಸದ್ದು ಗೇಟು ದಾಟಿ ಹೋಗುವುದನ್ನು ಒಳಗಿನಿಂದಲೇ ಕೇಳಿದಳು.

*

ಶುಕ್ರವಾರ ಅವನು ಬರಲಿಲ್ಲ. ಶನಿವಾರ, ಭಾನುವಾರ, ಸೋಮವಾರ, ಮಂಗಳವಾರವೂ ಬರಲಿಲ್ಲ. ಮೊಬೈಲ್ ರಿಂಗಾಗಿ ನಿಲ್ಲುತ್ತಿತ್ತು. ಹೊಳೆಮ್ಮ ಕೂಡ ಏನೂ ಕೇಳಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಅವನು ನೊಂದದ್ದು ತನ್ನಿಂದಲೇ ಎಂದು ಅವಳು ನಂಬಿದಳು. ಅವನನ್ನು ಉಳಿಸಲು ಹೋಗಿ ಅವನು ಏಳು ವರ್ಷ ಮಾಡಿದ್ದನ್ನೇ ತಾನೂ ಮಾಡಿದ್ದೆ ಎಂದು ಅವಳಿಗೆ ಅನಿಸತೊಡಗಿತ್ತು: ಬೇಕಾದ ಉತ್ತರ ಬರುವವರೆಗೆ ಚಿತ್ರವನ್ನು ತಿದ್ದುವುದು. ಅದಿರಿನ ಅಂಕಿಗಳನ್ನು ಪೂರ್ತಿ ತೆಗೆದಳು. ಕಂಪ್ಯೂಟರಿನಿಂದಲೇ ಸಾವಿರ ಅಂಕಿ ಹುಟ್ಟಿಸಿ ಬೇರೆ ಪಾಠ ಸಿದ್ಧಪಡಿಸಿದಳು. ಅದು ಸರಿಯಾಗಿತ್ತು. ಅದರಲ್ಲಿ ತಪ್ಪೂ ಇರಲಿಲ್ಲ, ಊರೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಲ್ಯಾಬಿನ ಬೀಗ ತೆಗೆಯುವಾಗ ಹಿಂದೆ ಹೆಜ್ಜೆ ಸದ್ದಾಯಿತು. ತಿಪ್ಪೇಶನ ಕಣ್ಣುಗಳು ಕೆಂಪಗಿದ್ದವು, ಗಡ್ಡ ಬೆಳೆದಿತ್ತು. ಕೈಯಲ್ಲಿ ಒಂದು ಪೆನ್ ಡ್ರೈವ್.

ನಾಲ್ಕು ದಿನ ಅವನು ಲ್ಯಾಬಿನ ಹಳೆಯ ಕಚ್ಚಾ ನೋಟುಪುಸ್ತಕಗಳನ್ನು ಹುಡುಕಿ ತೆಗೆದಿದ್ದ. ರಿಜಿಸ್ಟರಿಗೆ ಏರುವ ಮುಂಚೆ ಬಂದ ಮೊದಲ ಅಂಕಿಗಳು ಅದರಲ್ಲಿ ಪೆನ್ಸಿಲಿನಲ್ಲಿ ಇದ್ದವು. ಒಂದೂ ಅಳಿಸಿರಲಿಲ್ಲ. ಒಂದು ಸಾವಿರದ ನೂರಾ ನಲವತ್ತನ್ನೂ ಟೈಪ್ ಮಾಡಿದ್ದ. ಪಾಠದಲ್ಲಿ ಈಗ ಎರಡು ಗುಂಡಿಗಳು ಬರುತ್ತವೆ ಎಂದ. ಅವುಗಳ ಹೆಸರಿನ ಚಿತ್ರಗಳನ್ನೂ ತಂದಿದ್ದ: 'ಮೊದಲ ರೀಡಿಂಗ್', 'ಪಾಸಾದ ರೀಡಿಂಗ್'.

"ಪಾಲಪ್ಪ ಸರ್‌ಗೆ?"

ಸೋಮವಾರವೇ ಹೇಳಿದ್ದ. ಅವರು ಮೊದಲು ಕೂಗಾಡಿದರಂತೆ, ಆಮೇಲೆ ನೋಟುಪುಸ್ತಕ ತಿರುವಿ ನೋಡಿದರಂತೆ. ಲ್ಯಾಬಿನ ಹೆಸರು ಬರದಿದ್ದರೆ ತೋರಿಸಿಕೋ, ಆದರೆ ನಾಳೆಯಿಂದ ಈ ಟೇಬಲ್ಲಿನಲ್ಲಿ ನೀನು ಬೇಡ, ಸಂಡೂರಿನ ಯಾರ್ಡಿಗೆ ಹೋಗಿ ಚೀಲ ತುಂಬು ಎಂದರಂತೆ. ಇದನ್ನು ಅವನು ಹವಾಮಾನದ ಸುದ್ದಿ ಹೇಳುವಂತೆ ಹೇಳಿ ಮುಗಿಸಿದ.

"ನನ್ನ ಸಲುವಾಗಿ ಯಾಕ್ರೀ ಇಷ್ಟು..." ಎಂದಳು.

"ನಿಮ್ಮ ಸಲುವಾಗಿ ಅಲ್ಲ. ನಿಮ್ಮಿಂದ. ನೀವು ಹುಡುಗ್ರ ಮುಂದ ಆ ಅಂಕಿ ಇಡ್ಲಿಲ್ಲ ಅಂದಿದ್ರ ನಾನು ಸಾಯೋತನಕ ಪ್ರಾಮಾಣಿಕ ಅಂತ ತಿಳ್ಕೊಂಡು ಇರ್ತಿದ್ದೆ."

ಹನ್ನೊಂದು ಗಂಟೆಗೆ ಸಮಿತಿಯ ಮೂವರು ಬಂದರು. ಅಧ್ಯಕ್ಷೆ ಹಿರಿಯ ಪ್ರಾಧ್ಯಾಪಕಿ, ಧಾರವಾಡದ ಕಡೆಯ ಮಾತು, ಮಾತು ಕಡಿಮೆ. ವಿರುಪಾಕ್ಷಪ್ಪ ಕರ್ಚೀಫಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಗೋಡೆಗೆ ಒರಗಿ ನಿಂತಿದ್ದರು. ಗಂಗಾಂಬಿಕಾಳ ಯಂತ್ರದಲ್ಲಿ ಎರಡು ಪಾಠಗಳಿದ್ದವು. ಒಂದು ಸುರಕ್ಷಿತ. ಇನ್ನೊಂದನ್ನು ಪೂರ್ತಿ ಓಡಿಸಿ ನೋಡಲೂ ಸಮಯವಾಗಿರಲಿಲ್ಲ.

"ಈ ಅಂಕಿ ಕಂಪ್ಯೂಟರ್ ಹುಟ್ಟಿಸಿದ್ದೋ, ಎಲ್ಲಿಂದಾದ್ರೂ ತಂದದ್ದೋ?" ಎಂದು ಅಧ್ಯಕ್ಷೆ ಕೇಳಿದರು.

ಗಂಗಾಂಬಿಕಾ ಹಿಂದಿನ ಬೆಂಚಿನ ಕಡೆ ಒಮ್ಮೆ ನೋಡಿದಳು. ತಿಪ್ಪೇಶ್ ತಲೆಯಾಡಿಸಲಿಲ್ಲ, ಸನ್ನೆ ಮಾಡಲಿಲ್ಲ. ಅವಳ ಕಡೆ ನೋಡಿದ, ಅಷ್ಟೆ. ಅವಳು ಎರಡನೆಯದನ್ನು ತೆರೆದಳು.

"ತಂದದ್ದು ಮೇಡಂ. ನಮ್ಮೂರಿಂದು. ಇದರಾಗ ಒಂದು ತಪ್ಪೈತಿ. ಅದ ನಮ್ಮ ಪಾಠ."

ಪಾಸಾದ ರೀಡಿಂಗ್ ಒತ್ತಿದಾಗ ಹಲ್ಲು ಬಿದ್ದ ಚಿತ್ರ ಬಂತು. ಮೊದಲ ರೀಡಿಂಗ್ ಒತ್ತಿದಾಗ ಖಾಲಿ ತುಂಬಿ, ಎತ್ತರದ ಕಂಬ ಕುಗ್ಗಿ, ಬೆಟ್ಟ ತನ್ನ ಆಕಾರಕ್ಕೆ ಬಂತು. ಅಧ್ಯಕ್ಷೆ ಕುರ್ಚಿ ಎಳೆದುಕೊಂಡು ಕೂತರು. ಮೌಸನ್ನು ತಾವೇ ಹಿಡಿದರು. ಎರಡು ಗುಂಡಿಗಳನ್ನು ಎಂಟು ಹತ್ತು ಸಲ ಒತ್ತಿದರು. ಯಾಕೆ ಹೀಗೆ ಎಂದು ವಿದ್ಯಾರ್ಥಿಗಳನ್ನೇ ಕೇಳಿದರು. ತಾಯಕ್ಕ ಎದ್ದು ನಿಂತು, ಬೇಕಾದ ಉತ್ತರವನ್ನು ಒಮ್ಮೆ, ಬೇಡದ ಉತ್ತರವನ್ನು ಮೂರು ಸಲ ಪರೀಕ್ಷಿಸಿದರೆ ಹೀಗಾಗುತ್ತದೆ ಎಂದಳು.

ಇದನ್ನು ಮಾಡಿದವರು ಯಾರು ಎಂದು ಅವರು ಕೇಳಿದಾಗ ಗಂಗಾಂಬಿಕಾ ತಿಪ್ಪೇಶನ ಹೆಸರು ಹೇಳಿದಳು. ಆಮೇಲೆ, ಆ ತಂತ್ರಾಂಶ ಬರೆದು ಲೋಕಕ್ಕೆ ಬಿಟ್ಟುಕೊಟ್ಟವರು ಇನ್ನೂ ಬಹಳ ಜನ ಇದ್ದಾರೆ, ಅವರ ಹೆಸರು ತನಗೆ ಉಚ್ಚರಿಸಲು ಬರುವುದಿಲ್ಲ ಎಂದು ಸೇರಿಸಿದಳು. ಅಧ್ಯಕ್ಷೆ ಮೊದಲ ಸಲ ನಕ್ಕರು. ಆ ಪಾಠದ ಒಂದು ಪ್ರತಿ ತಮಗೂ ಬೇಕು ಎಂದರು.

*

ಮಾರ್ಚ್ ಎರಡನೇ ವಾರ ಆದೇಶ ಬಂತು. ಮೂರು ವರ್ಷಕ್ಕೆ ಅನುಮತಿ. ವಿರುಪಾಕ್ಷಪ್ಪ ಆ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಎರಡು ಸಲ ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು ಕಿಟಕಿಯ ಹೊರಗೆ ನೋಡುತ್ತ ನಿಂತುಬಿಟ್ಟರು.

ಆ ಶುಕ್ರವಾರ ಗಂಗಾಂಬಿಕಾ ಹದಿನಾಲ್ಕೂ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಸಂಡೂರಿಗೆ ಕರೆದೊಯ್ದಳು. ಮುಂದಿನ ಪಾಠ, ಮಾದರಿ ತೆಗೆಯುವ ಕ್ರಮ. ಅದನ್ನು ಕಲಿಸಲು ತಿಪ್ಪೇಶನಿಗಿಂತ ತಕ್ಕವರು ಯಾರಿದ್ದಾರೆ ಎಂದು ಪ್ರಾಂಶುಪಾಲರಿಗೆ ಲಿಖಿತವಾಗಿ ಕೇಳಿದ್ದಳು.

ಯಾರ್ಡಿನಲ್ಲಿ ಅವನು ತಲೆಗೆ ಟವೆಲ್ ಸುತ್ತಿಕೊಂ‌ಡು ನಿಂತಿದ್ದ. ರೆಪ್ಪೆಯವರೆಗೂ ಕೆಂಪು. ಅದಿರಿನ ಪುಡಿಯನ್ನು ಗೋಪುರದಂತೆ ರಾಶಿ ಹಾಕಿ, ಮೇಲೆ ತಟ್ಟಿ ಚಪ್ಪಟೆ ಮಾಡಿ, ಹಲಗೆಯಿಂದ ನಾಲ್ಕು ಪಾಲು ಮಾಡಿ ತೋರಿಸಿದ. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ಬಿಡಬೇಕು, ಮತ್ತೆ ಕಲಸಿ ಮತ್ತೆ ರಾಶಿ ಹಾಕಬೇಕು. ಯಾವ ಪಾಲು ಚೆನ್ನಾಗಿದೆ ಎಂದು ನೋಡಿ ಆರಿಸುವಂತಿಲ್ಲ. ಹುಡುಗರು ಸಲಿಕೆ ಹಿಡಿದರು. ಅವಳು ಅವನ ಜೊತೆ ಶೀಟಿನ ನೆರಳಿಗೆ ಬಂದು ನಿಂತಳು.

ಲ್ಯಾಬಿನ ಸುದ್ದಿ ಕೇಳಿದಳು. ಪಾಲಪ್ಪ ಸರ್ ಹೊಸ ನಿಯಮ ಮಾಡಿದ್ದಾರೆ ಎಂದ. ಗೆರೆಯ ಆಚೆಗಿರಲಿ ಈಚೆಗಿರಲಿ, ಎಲ್ಲವೂ ಎರಡು ಸಲ, ಎರಡೂ ಪೆನ್ನಿನಲ್ಲಿ. "ನಿಯಮ ಒಳಗ ಹೋತು, ನನ್ನ ಹೊರಗ ಬಿಟ್ಟಾರ," ಎಂದು ನಕ್ಕ. ಏಪ್ರಿಲ್‌ನಲ್ಲಿ ವಾಪಸ್ ಕರೆಯುವ ಮಾತಿದೆಯಂತೆ.

ಅವಳು ಅವನಿಗೆ ಹೇಳಬೇಕಾದ ಕೃತಜ್ಞತೆಯನ್ನು ಬಸ್ಸಿನಲ್ಲಿ ಅಚ್ಚುಕಟ್ಟಾಗಿ ಜೋಡಿಸಿಕೊಂಡು ಬಂದಿದ್ದಳು. ಈಗ ಒಂದು ಪದವೂ ಇರಲಿಲ್ಲ.

"ಅಪ್ಪಾಜಿ ಫೋನ್ ಮಾಡಿದ್ರು," ಎಂದಳು. "ಕೆಲಸ ಉಳೀತು ಅಂದೆ. ಸಂತೋಷ ಅಂದ್ರು. ಗಂಗಾವತಿ ವಿಷಯ ಏನು ಮಾಡ್ಲಿ ಅಂದ್ರು. ಬ್ಯಾಡ ಅಂದೆ. ಯಾರರ ಇದಾರೇನು ಅಂದ್ರು."

"ನೀವೇನಂದ್ರಿ?"

"ಇದಾರ ಅಂದೆ. ಆದ್ರ ಅವ್ರು ಇನ್ನೂ ಏನೂ ಕೇಳಿಲ್ಲ ಅಂದೆ."

ರಾಶಿಯ ಹತ್ತಿರ ಯಾರೋ ಸಲಿಕೆ ಬೀಳಿಸಿದರು. ತಿಪ್ಪೇಶ್ ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಒರೆಸಿದ ಕಡೆ ಮುಖ ಇನ್ನಷ್ಟು ಕೆಂಪಾಯಿತು.

"ಮೇಡಂ, ನನ್ನ ಮದುವಿ ಆಗ್ತೀರೇನು?"

"ಆಗ್ತೀನಿ."

ಅವನು ಗಂಟಲು ಸರಿಮಾಡಿಕೊಂಡ. "ಬೇಕಾದ ಉತ್ತರ ಬಂತು. ಹೊಸ ನಿಯಮದ ಪ್ರಕಾರ ಇದನ್ನೂ ಎರಡು ಸಲ ನೋಡ್ಬೇಕು."

"ಹಂಗಾದ್ರ ಇನ್ನೊಮ್ಮೆ ಕೇಳ್ರಿ. ಈ ಸಲ ಮೇಡಂ ಅನ್ನಬ್ಯಾಡ್ರಿ."

ಅವನು ಕೇಳಿದ. ಅವಳ ಹೆಸರನ್ನು ಪೂರ್ತಿಯಾಗಿ ಹೇಳಿ, ಮೊದಲಿಗಿಂತ ಮೆಲ್ಲಗೆ ಕೇಳಿದ. ಉತ್ತರ ಬದಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟೂಕಾಲಿಗೆ ಹೊಸಪೇಟೆ ಬಸ್ ನಿಲ್ದಾಣದಲ್ಲಿ ಇಬ್ಬರೂ ಕಂಪ್ಲಿಯ ಬಸ್ಸು ಹತ್ತಿದರು. ಅವನು ಹೊಸ ಬಿಳಿ ಅಂಗಿ ಹಾಕಿದ್ದ. ಅವಳು ಕಿಟಕಿ ಪಕ್ಕ ಕೂತು, ಅಪ್ಪಾಜಿ ಏನೇನು ಕೇಳಬಹುದೆಂದು ಒಂದೊಂದಾಗಿ ಹೇಳುತ್ತಿದ್ದಳು; ಅವನು ಒಂದೊಂದಕ್ಕೂ ಉತ್ತರ ಯೋಚಿಸಿ, ಸರಿಯೇ ಎಂದು ಅವಳ ಮುಖ ನೋಡುತ್ತಿದ್ದ. ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಹೊರಟಿತು. ಇಬ್ಬರಿಗೂ ಅದು ಗೊತ್ತಾಗಲಿಲ್ಲ.